ಈ ಸಸಿಯ ತಂದೆ ಯಾರು?

ನಮ್ಮ ತೋಟದ ಒಂದು ಮೂಲೆಯಲ್ಲಿ ಹದಿನಾರು ತೆಂಗಿನ ಮರಗಳಿವೆ. ಅಪ್ಪ ಅವನ್ನು ಒಂದೇ ದಿನ, ಒಂದೇ ನರ್ಸರಿಯಿಂದ ತಂದು ನೆಟ್ಟಿದ್ದರು. ಎಲ್ಲವೂ ಹೈಬ್ರಿಡ್, ನಾಲ್ಕೈದು ವರ್ಷಕ್ಕೆ ಹೊಂಬಾಳೆ ಒಡೆಯುತ್ತವೆ ಎಂದು ಹೇಳಿ ಕೊಟ್ಟಿದ್ದರಂತೆ. ಐದನೆಯ ವರ್ಷ ಒಂಬತ್ತು ಮರಗಳು ಹೂ ಬಿಟ್ಟವು. ಉಳಿದ ಏಳು ಗರಿ ಬೀಸಿಕೊಂಡು ಸುಮ್ಮನೆ ಮೇಲಕ್ಕೆ ಹೋಗುತ್ತಲೇ ಇದ್ದವು. ಗೊಬ್ಬರ ಹೆಚ್ಚಿಸಿದ್ದಾಯಿತು, ಬುಡ ಬಿಡಿಸಿ ನೀರು ಕಟ್ಟಿದ್ದಾಯಿತು. ಕೊನೆಗೆ ಪಕ್ಕದ ತೋಟದ ಅಜ್ಜ ಬಂದು, ಮರಗಳ ನೆತ್ತಿಯ ಕಡೆ ಒಮ್ಮೆ ನೋಡಿ, "ಇವು ನಾಟಿ ಮರ ಕಣಪ್ಪಾ, ಹೈಬ್ರಿಡ್ಡೂ ಅಲ್ಲ ಏನೂ ಅಲ್ಲ. ಇನ್ನೂ ಎರಡು ಮೂರು ವರ್ಷ ಕಾಯಿ" ಎಂದು ಹೇಳಿ ಹೋದರು.

ನರ್ಸರಿಯವರು ಮೋಸ ಮಾಡಿದರು ಎಂದು ಅಪ್ಪ ಬಹಳ ದಿನ ನಂಬಿದ್ದರು. ನಾನೂ ನಂಬಿದ್ದೆ. ತೆಂಗಿನ ತಳಿಗಳ ಚರಿತ್ರೆಯನ್ನು ಓದುತ್ತಾ ಹೋದಂತೆ ಆ ನಂಬಿಕೆ ಸಡಿಲವಾಯಿತು. ಸಸಿ ಮಾರಿದವನಿಗೂ ಅದು ಏನೆಂದು ಗೊತ್ತಿರದೆ ಇದ್ದಿರಬಹುದು. ತೆಂಗಿನ ಸಸಿಯನ್ನು ನೋಡಿ ಅದರ ತಂದೆ ಯಾರು ಎಂದು ಹೇಳುವುದು ಬಹಳ ಕಾಲ ಯಾರಿಗೂ ಸುಲಭವಾಗಿರಲಿಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ನೂರು ವರ್ಷಗಳ ತೆಂಗಿನ ತಳಿ ಸಂಶೋಧನೆಯ ಒಂದು ದೊಡ್ಡ ಭಾಗ.

ಭತ್ತ ಅಥವಾ ರಾಗಿಯಾದರೆ ತಳಿ ಅಭಿವೃದ್ಧಿ ಮಾಡುವವನಿಗೆ ವರ್ಷಕ್ಕೆ ಒಂದು ಬೆಳೆಯಾದರೂ ಕೈಗೆ ಸಿಗುತ್ತದೆ. ಒಂದು ಕೋಣೆಯಷ್ಟು ಜಾಗದಲ್ಲಿ ನೂರಾರು ಗಿಡ ಬೆಳೆಸಿ, ಕೆಟ್ಟದ್ದನ್ನು ಕಿತ್ತು, ಒಳ್ಳೆಯದನ್ನು ಉಳಿಸಿಕೊಳ್ಳಬಹುದು. ಮಾವು, ಸಪೋಟಗಳಿಗೆ ಕಸಿ ಕಟ್ಟಬಹುದು. ತೆಂಗಿಗೆ ಈ ಯಾವ ಸೌಕರ್ಯವೂ ಇಲ್ಲ. ಅದಕ್ಕೆ ಕೊಂಬೆಯಿಲ್ಲ, ಕಸಿ ಹತ್ತುವುದಿಲ್ಲ, ಕಡ್ಡಿ ಕತ್ತರಿಸಿ ನೆಟ್ಟರೆ ಚಿಗುರುವುದಿಲ್ಲ. ಒಂದು ಕಾಯಿಗೆ ಒಂದೇ ಸಸಿ. ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೂ ಒಂದು ವರ್ಷದ ಫಸಲು ನೋಡಿ ಮರದ ಯೋಗ್ಯತೆ ಅಳೆಯಲಾಗದು. ಇವತ್ತು ನಾವು ಕೆಡವುವ ಕಾಯಿಯ ಹೊಂಬಾಳೆ ಮರದ ನೆತ್ತಿಯೊಳಗೆ ಮೊಳೆತದ್ದು ಸುಮಾರು 44 ತಿಂಗಳ ಹಿಂದೆ. ಮೂರು ವರ್ಷದ ಹಿಂದಿನ ಬರಗಾಲ ಈ ವರ್ಷದ ಗೊನೆಯಲ್ಲಿ ಕಾಣಿಸುತ್ತದೆ. ಹಾಗಾಗಿ ಒಂದು ಮರದ ಗುಣ ತಿಳಿಯಲು ಹಲವು ವರ್ಷಗಳ ಲೆಕ್ಕ ಬರೆದಿಡಬೇಕು. ಎರಡು ತಲೆಮಾರು ತೆಂಗು ನೋಡುವಷ್ಟರಲ್ಲಿ ನೋಡುವವನ ಕೆಲಸದ ಆಯುಷ್ಯವೇ ಮುಗಿದಿರುತ್ತದೆ.

ಇದರ ಜೊತೆಗೆ ಮದುವೆಯ ಗೊಂದಲ ಬೇರೆ. ತೆಂಗಿನಲ್ಲಿ ಮುಖ್ಯವಾಗಿ ಎರಡು ಬಗೆ, ಎತ್ತರ ಮತ್ತು ಗಿಡ್ಡ. ಎತ್ತರದ ಮರದ ಹೊಂಬಾಳೆಯಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂಗಳು ಸಿದ್ಧವಾಗುವುದು ಸಾಮಾನ್ಯವಾಗಿ ಅವು ಮುಗಿದ ಮೇಲೆ. ಆ ಹೊತ್ತಿಗೆ ತನ್ನದೇ ಪರಾಗ ಇರುವುದಿಲ್ಲವಾದ್ದರಿಂದ ಗಾಳಿಯೋ ಜೇನೋ ಬೇರೆ ಮರದಿಂದ ತಂದದ್ದೇ ಗತಿ. ಗಿಡ್ಡ ತಳಿಯಲ್ಲಿ ಎರಡೂ ಹೂಗಳ ಕಾಲ ಒಂದರ ಮೇಲೊಂದು ಬರುವುದರಿಂದ ಅದು ಹೆಚ್ಚಾಗಿ ತನ್ನೊಳಗೇ ಫಲ ಕಟ್ಟುತ್ತದೆ. ನಮ್ಮ ಹಿರಿಯರು ಬೀಜದ ಕಾಯಿ ಆರಿಸುವಾಗ ನಡುವಯಸ್ಸಿನ, ವರ್ಷ ತಪ್ಪದೆ ಕಾಯಿ ಬಿಡುವ, ತಲೆ ತುಂಬ ಗರಿಯಿರುವ ಮರವನ್ನು ಹುಡುಕುತ್ತಿದ್ದರು. ಅದು ಸರಿಯಾದ ಕ್ರಮವೇ. ಆದರೆ ಅವರು ಆರಿಸಿದ್ದು ತಾಯಿಯನ್ನು ಮಾತ್ರ. ತಂದೆಯನ್ನು ಆರಿಸುತ್ತಿದ್ದದ್ದು ಗಾಳಿ.

ಈ ಗಾಳಿಯ ಕೈಯಿಂದ ಕೆಲಸವನ್ನು ಮನುಷ್ಯ ತೆಗೆದುಕೊಂಡ ಕಥೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಊರೊಂದು ಬರುತ್ತದೆ. 1916ರಲ್ಲಿ ಮದರಾಸು ಸರ್ಕಾರ ಕಾಸರಗೋಡು, ಪಿಲಿಕೋಡು ಮತ್ತು ನೀಲೇಶ್ವರಗಳಲ್ಲಿ ತೆಂಗು ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಆಗ ಈ ಊರುಗಳೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋದವು. ಕಾಸರಗೋಡು ಎಂದಾಗ ನಮಗೆ ಗಡಿಯ ನೋವು, ಕಯ್ಯಾರರ ಹೋರಾಟ ನೆನಪಾಗುತ್ತವೆ. ಅದೇ ಮಣ್ಣಿನಲ್ಲಿ ತೆಂಗಿನ ವಿಜ್ಞಾನದ ಒಂದು ದೊಡ್ಡ ಅಧ್ಯಾಯ ಬರೆಯಲ್ಪಟ್ಟಿತು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಕಾಸರಗೋಡಿನ ಆ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ನಮ್ಮ ಕರಾವಳಿಯ ಬೆಳೆಗಾರರು ಇವತ್ತಿಗೂ ಸಿಪಿಸಿಆರ್‌ಐ ಎಂದು ಕರೆಯುವುದು ಅದನ್ನೇ.

1932ರಲ್ಲಿ ನೀಲೇಶ್ವರದ ಕೇಂದ್ರದಲ್ಲಿ ಜೆ.ಎಸ್. ಪಟೇಲ್ ಎಂಬ ವಿಜ್ಞಾನಿ ಪಶ್ಚಿಮ ಕರಾವಳಿಯ ಎತ್ತರದ ಮರಕ್ಕೆ ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಪರಾಗವನ್ನು ಕೂಡಿಸಿದರು. ಇಂಥ ಕೆಲಸ ಕೇಳಲು ಸುಲಭ. ಮಾಡುವವನು ಮರ ಹತ್ತಬೇಕು, ಆಗತಾನೆ ಒಡೆದ ಹೊಂಬಾಳೆಯ ಸಾವಿರಾರು ಗಂಡು ಹೂಗಳನ್ನು ಒಂದೂ ಬಿಡದಂತೆ ತೆಗೆಯಬೇಕು, ಹೊರಗಿನ ಪರಾಗ ಬಾರದಂತೆ ಚೀಲ ಕಟ್ಟಬೇಕು, ಹೆಣ್ಣು ಹೂ ಜೇನು ಒಸರುವ ದಿನ ಮತ್ತೆ ಹತ್ತಿ ಆಯ್ದ ಪರಾಗವನ್ನು ಹಾಕಬೇಕು. ಇಷ್ಟು ಮಾಡಿದ ಮೇಲೆ ಹರಳು ಉದುರಿ, ಉಳಿದದ್ದು ಬಲಿತು, ಮೊಳೆತರೆ ಬೆರಳೆಣಿಕೆಯ ಸಸಿಗಳು. ಆ ಸಸಿಗಳು ಎತ್ತರದ ತಳಿಗಿಂತ ಬೇಗ ಫಲಕ್ಕೆ ಬರುವುದನ್ನೂ ಕಸುವಾಗಿ ಬೆಳೆಯುವುದನ್ನೂ ಕಂಡ ಪಟೇಲರು 1937ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1920ರ ದಶಕದಲ್ಲಿ, ಫಿಜಿ ದ್ವೀಪದಲ್ಲಿ ಎರಡು ಗಿಡ್ಡ ತಳಿಗಳನ್ನು ಕೂಡಿಸುವ ಪ್ರಯತ್ನ ನಡೆದಿತ್ತು. ಎತ್ತರ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿದರೆ ಸಿಗುವ ಸಂಕರ ಕಸುವನ್ನು ಮೊದಲು ತೋರಿಸಿದ ಹೆಗ್ಗಳಿಕೆ ಮಾತ್ರ ನೀಲೇಶ್ವರದ್ದು.

ಇಲ್ಲಿಂದ ಲೋಕದ ಹಲವೆಡೆ ಸಂಕರ ತೆಂಗಿನ ಕೆಲಸ ನಡೆಯಿತು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ ಫ್ರೆಂಚ್ ಸಂಶೋಧಕರು ಮಲಯದ ಹಳದಿ ಗಿಡ್ಡ ತಳಿಯನ್ನು ಪಶ್ಚಿಮ ಆಫ್ರಿಕದ ಎತ್ತರದ ತಳಿಗೆ ಕೂಡಿಸಿ ಮಾವಾ ಎಂಬ ಹೈಬ್ರಿಡ್ ಮಾಡಿದರು. ಅದು ಮುಂದೆ ಇಂಡೋನೇಷ್ಯ, ಫಿಲಿಪ್ಪೀನ್ಸ್‌ಗಳ ತೋಟಗಳವರೆಗೆ ಹೋಯಿತು. ನಮ್ಮಲ್ಲಿ ಚಾವಕ್ಕಾಡಿನ ಕಿತ್ತಳೆ ಗಿಡ್ಡ ತಳಿಯನ್ನು ತಾಯಿಯಾಗಿಟ್ಟುಕೊಂಡು ಮಾಡಿದ 'ಚಂದ್ರ ಸಂಕರ' 1985ರಲ್ಲಿ ಬಿಡುಗಡೆಯಾಯಿತು. ಪಟೇಲರ ಮೊದಲ ಸಂಕರದಿಂದ ಇಲ್ಲಿಗೆ ಐವತ್ತಮೂರು ವರ್ಷ. ತೆಂಗಿನ ಗಡಿಯಾರ ನಡೆಯುವ ವೇಗ ಅದು.

ಚಂದ್ರ ಸಂಕರದ ನರ್ಸರಿಯಲ್ಲಿ ಒಂದು ಚಂದದ ಉಪಾಯವಿತ್ತು. ಕಿತ್ತಳೆ ಗಿಡ್ಡ ಮರದ ಕಾಯಿ ತನ್ನದೇ ಪರಾಗದಿಂದ ಕಟ್ಟಿದ್ದರೆ, ಅದರಿಂದ ಹುಟ್ಟಿದ ಸಸಿಯ ಗರಿಯ ದಂಟು ಕಿತ್ತಳೆ ಬಣ್ಣಕ್ಕೇ ಇರುತ್ತದೆ. ಎತ್ತರದ ಮರದ ಪರಾಗ ಸೇರಿದ್ದರೆ ದಂಟು ಕಂದು ಅಥವಾ ಹಸಿರು ಕಡೆಗೆ ತಿರುಗುತ್ತದೆ. ನರ್ಸರಿಯ ಕೆಲಸಗಾರ ಸಾಲಿನುದ್ದಕ್ಕೂ ನಡೆಯುತ್ತಾ ಕಿತ್ತಳೆ ದಂಟಿನವನ್ನು ಕಿತ್ತು ಪಕ್ಕಕ್ಕಿಟ್ಟರೆ ಉಳಿದದ್ದು ಸಂಕರ. ದಂಟಿನ ಬಣ್ಣ ಇಲ್ಲಿ ಬೇರೊಂದು ಸಂಗತಿಯ ಗುರುತು. ವಂಶದಲ್ಲಿ ಹರಿದು ಬರುವ ಇಂಥ ಗುರುತನ್ನೇ ವಿಜ್ಞಾನಿಗಳು ಮಾರ್ಕರ್ ಎನ್ನುತ್ತಾರೆ. ಆ ಕೆಲಸಗಾರ ಪ್ರಯೋಗಾಲಯ ನೋಡಿರದಿದ್ದರೂ ಮಾಡುತ್ತಿದ್ದದ್ದು ಮಾರ್ಕರ್ ನೋಡಿ ಆಯ್ಕೆ ಮಾಡುವ ಕೆಲಸವೇ.

ಉಪಾಯಕ್ಕೆ ಮಿತಿಯೂ ಇತ್ತು. ತಾಯಿ ಕಿತ್ತಳೆಯಂತೆ ಎದ್ದು ಕಾಣುವ ಬಣ್ಣದ್ದಾಗಿದ್ದರೆ ಮಾತ್ರ ಅದು ಚೆನ್ನಾಗಿ ನಡೆಯುತ್ತದೆ. ತಾಯಿ ಎತ್ತರದ ಮರವಾದರೆ ಅದರ ನಾಟಿ ಸಸಿಗಳೇ ಹಸಿರು, ಕಂದು ಎಂದು ಬಗೆಬಗೆಯಾಗಿ ಹುಟ್ಟುತ್ತವೆ. ತಾಯಿ ಹಸಿರು ಗಿಡ್ಡವಾದರೆ, ಹಸಿರಿನ ನಡುವೆ ಹಸಿರನ್ನು ಹುಡುಕಬೇಕು. ಆಗ ಸಸಿಯ ಎತ್ತರ, ದಂಟಿನ ದಪ್ಪ, ಬೆಳವಣಿಗೆಯ ಚುರುಕು ನೋಡಿ ಅನುಭವದ ಮೇಲೆ ಹೇಳುವುದೊಂದೇ ದಾರಿ. ನಮ್ಮ ತೋಟದ ಆ ಏಳು ಮರಗಳು ಇಂಥದ್ದೇ ಒಂದು ಸಾಲಿನಿಂದ ಬಂದಿರಬೇಕು.

ಎಣಿಕೆ ತಪ್ಪಿದರೆ ಕೆಲವು ವರ್ಷದ ಫಸಲು ಹೋಗುತ್ತದೆ, ಅಷ್ಟೇ ತಾನೇ ಎನ್ನಬಹುದು. ಅಷ್ಟೇ ಅಲ್ಲದ ಪ್ರಸಂಗವೂ ಇದೆ. 1882ರ ಪ್ರವಾಹದ ನಂತರ ತಿರುವಾಂಕೂರು ಸೀಮೆಯ ಈರಾಟ್ಟುಪೇಟೆಯ ಕಡೆ ತೆಂಗಿಗೆ ಒಂದು ಹೊಸ ಕಾಯಿಲೆ ಕಾಣಿಸಿತು. ಗರಿಯ ಎಸಳುಗಳು ಬಿಗಿ ಕಳೆದುಕೊಂಡು ಒಳಕ್ಕೆ ಬಾಗುತ್ತವೆ, ಹಳದಿಯಾಗುತ್ತವೆ, ಅಂಚು ಒಣಗುತ್ತದೆ. ಮರ ತಕ್ಷಣ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಕಾಯಿ ಕಡಿಮೆ ಮಾಡುತ್ತದೆ. ಇದನ್ನು ಬೇರು ಸೊರಗು ರೋಗ ಎಂದು ಕರೆದರು. ಅದರ ಅಧ್ಯಯನಕ್ಕೆಂದೇ 1947ರಲ್ಲಿ ಕಾಯಂಕುಳದಲ್ಲಿ ಕೇಂದ್ರ ತೆರೆದರು. ಕಾರಣ ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಎಂದು ಗೊತ್ತಾಗಲು 1980ರ ದಶಕ ಬರಬೇಕಾಯಿತು. ರೋಗ ಮೊದಲು ಕಂಡು ಆಗಲೇ ನೂರು ವರ್ಷವಾಗಿತ್ತು. ಗೊತ್ತಾದ ಮೇಲೂ ಸಿಂಪಡಿಸಿ ಗುಣಪಡಿಸುವ ಔಷಧಿ ಸಿಗಲಿಲ್ಲ.

ಉಳಿದದ್ದು ಒಂದೇ ದಾರಿ. ರೋಗ ಬಡಿದ ಸೀಮೆಯ ನಡುವೆಯೇ ಹೋಗಿ, ಸುತ್ತಲಿನ ಮರಗಳೆಲ್ಲ ಸೊರಗಿದ್ದರೂ ತಾವು ಆರೋಗ್ಯವಾಗಿ ನಿಂತ ಮರಗಳನ್ನು ಹುಡುಕುವುದು. ಕಾಯಂಕುಳದ ವಿಜ್ಞಾನಿಗಳು ಅದನ್ನೇ ಮಾಡಿದರು. ಹಾಗೆ ಉಳಿದವುಗಳಲ್ಲಿ ಚಾವಕ್ಕಾಡಿನ ಹಸಿರು ಗಿಡ್ಡ ಮರಗಳು ಎದ್ದು ಕಂಡವು. ಅವುಗಳಿಂದ ಆಯ್ದದ್ದು 'ಕಲ್ಪಶ್ರೀ'. ಅವನ್ನು ತಾಯಿಯಾಗಿಟ್ಟು, ರೋಗದ ಸೀಮೆಯಲ್ಲೇ ಗಟ್ಟಿಯಾಗಿ ನಿಂತ ಎತ್ತರದ ಮರಗಳ ಪರಾಗ ಕೂಡಿಸಿ ಮಾಡಿದ್ದು 'ಕಲ್ಪ ಸಂಕರ'. ಪಟೇಲರು 1932ರಲ್ಲಿ ಕೂಡಿಸಿದ ಅದೇ ಎರಡು ಬಳಗಗಳು ಇಲ್ಲಿ ಮತ್ತೆ ಸೇರಿದವು, ತಾಯಿ ತಂದೆಯ ಜಾಗ ಅದಲುಬದಲಾಗಿ.

ಈಗ ಹಳೆಯ ಪ್ರಶ್ನೆ ಹೊಸ ತೂಕದೊಂದಿಗೆ ಬಂತು. ತಾಯಿ ಹಸಿರು ಗಿಡ್ಡ. ದಂಟಿನ ಬಣ್ಣ ಏನನ್ನೂ ಹೇಳುವುದಿಲ್ಲ. ಗಿಡ್ಡ ತಳಿ ತನ್ನೊಳಗೇ ಫಲ ಕಟ್ಟುವ ಸ್ವಭಾವದ್ದು. ರೋಗದಿಂದ ಒಮ್ಮೆ ಸೋತ ರೈತನಿಗೆ ಕೊಡುವ ಸಸಿ ನಿಜಕ್ಕೂ ಸಂಕರವೇ ಎಂದು ಹೇಳುವುದು ಹೇಗೆ?

ಈ ಹೊತ್ತಿಗೆ ಡಿಎನ್‌ಎ ಓದುವ ವಿದ್ಯೆ ತೆಂಗಿನ ತೋಟಕ್ಕೂ ಬಂದಿತ್ತು. 1990ರ ದಶಕದಲ್ಲಿ ಶ್ರೀಲಂಕಾ, ಪೆಸಿಫಿಕ್ ದ್ವೀಪಗಳು, ಫಿಲಿಪ್ಪೀನ್ಸ್ ಮುಂತಾದೆಡೆಯ ತೆಂಗುಗಳ ಡಿಎನ್‌ಎ ಗುರುತುಗಳನ್ನು ಪಟ್ಟಿ ಮಾಡುವ ಕೆಲಸ ಶುರುವಾಯಿತು. ಇವುಗಳಲ್ಲಿ ಬಹಳ ಬಳಕೆಗೆ ಬಂದದ್ದು ಮೈಕ್ರೋಸ್ಯಾಟಲೈಟ್ ಎಂಬ ಗುರುತು. ಡಿಎನ್‌ಎ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ತೆಂಗಿನಲ್ಲಿ ಅದು ಸುಮಾರು 240 ಕೋಟಿ ಅಕ್ಷರ, ಹದಿನಾರು ಜೋಡಿ ವರ್ಣತಂತುಗಳಲ್ಲಿ ಹಂಚಿಹೋಗಿದೆ. ಈ ಬರಹದಲ್ಲಿ ಅಲ್ಲಲ್ಲಿ ಎರಡು ಮೂರು ಅಕ್ಷರಗಳು ತೊದಲಿದಂತೆ ಮತ್ತೆ ಮತ್ತೆ ಬರುತ್ತವೆ. ಒಂದು ವಂಶದಲ್ಲಿ ಹನ್ನೆರಡು ಸಲ ತೊದಲಿದ್ದರೆ ಇನ್ನೊಂದರಲ್ಲಿ ಹದಿನೇಳು ಸಲ. ಸಸಿಗೆ ಒಂದು ಪ್ರತಿ ತಾಯಿಯಿಂದ, ಒಂದು ಪ್ರತಿ ತಂದೆಯಿಂದ ಬರುತ್ತದೆ. ತಾಯಿಯ ಎರಡು ಪ್ರತಿಯಲ್ಲೂ ಹನ್ನೆರಡು, ತಂದೆಯದರಲ್ಲಿ ಹದಿನೇಳು ಇದ್ದು, ಸಸಿಯಲ್ಲಿ ಹನ್ನೆರಡೂ ಹದಿನೇಳೂ ಸಿಕ್ಕರೆ ಅದು ಸಂಕರ. ಬರೀ ಹನ್ನೆರಡೇ ಸಿಕ್ಕರೆ ತಾಯಿ ತನ್ನೊಳಗೇ ಕಟ್ಟಿಕೊಂಡ ಕಾಯಿ. ಇಷ್ಟು ತಿಳಿಯಲು ಬೇಕಾದದ್ದು ಎಳೆಯ ಗರಿಯ ಒಂದು ಚೂರು. ಕಲ್ಪ ಸಂಕರದಂಥ ಸಸಿಗಳ ಶುದ್ಧತೆಯನ್ನು ಸಿಪಿಸಿಆರ್‌ಐ ವಿಜ್ಞಾನಿಗಳು ಈ ವಿಧಾನದಿಂದ ಪರೀಕ್ಷಿಸಿ ತೋರಿಸಿದರು. 2013ರಲ್ಲಿ ಅವರೇ ಎತ್ತರದ ಗುಣದ ಜೊತೆಗೆ ಬರುವ ಒಂದು ಡಿಎನ್‌ಎ ಗುರುತನ್ನೂ ಪ್ರಕಟಿಸಿದರು. ಮರ ಎತ್ತರವೋ ಗಿಡ್ಡವೋ ಎಂದು ನರ್ಸರಿಯಲ್ಲೇ ಕೇಳಬಹುದಾಯಿತು.

ಅದೇ ಗುರುತುಗಳು ತಳಿ ಮಾಡುವವರಿಗಷ್ಟೇ ಅಲ್ಲ, ಚರಿತ್ರೆ ಓದುವವರಿಗೂ ಒದಗಿದವು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೋಕದ ನಾನಾ ಭಾಗದ 1,300ಕ್ಕೂ ಹೆಚ್ಚು ತೆಂಗಿನ ಮರಗಳನ್ನು ಹೀಗೆ ಓದಿತು. ತೆಂಗಿನಲ್ಲಿ ಎರಡು ದೊಡ್ಡ ವಂಶಗಳಿವೆ, ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು, ಮನುಷ್ಯ ಎರಡನ್ನೂ ಬೇರೆ ಬೇರೆಯಾಗಿ ಸಾಕಿ ಪಳಗಿಸಿದ ಎಂದು ಅದರ ತೀರ್ಮಾನ. ಹಿಂದೂ ಮಹಾಸಾಗರದ ತೆಂಗನ್ನು ಅಟ್ಲಾಂಟಿಕ್ ತೀರಕ್ಕೆ ಒಯ್ದವರು ಪೋರ್ಚುಗೀಸರು. ಹಾಗಾಗಿ ಪಶ್ಚಿಮ ಆಫ್ರಿಕದ ಎತ್ತರದ ತೆಂಗು ನಮ್ಮ ಕಡೆಯ ತೆಂಗಿನ ಬಳಗದ್ದೇ. ಗಿಡ್ಡ ತಳಿಗಳ ಬಹುಪಾಲು ಪೆಸಿಫಿಕ್ ವಂಶದವು. ಐವರಿ ಕೋಸ್ಟಿನಲ್ಲಿ ಮಾವಾ ಹೈಬ್ರಿಡ್ ಮಾಡಿದವರು ಸಾವಿರಾರು ವರ್ಷ ದೂರವಿದ್ದ ಎರಡು ಸಾಗರಗಳ ಮನೆತನಗಳಿಗೆ ನೆಂಟಸ್ತಿಕೆ ಬೆಳೆಸಿದ್ದರು. ಆ ನೆಂಟಸ್ತಿಕೆಯ ಅರ್ಥ ಡಿಎನ್‌ಎ ಓದಿದ ಮೇಲೆ ಸ್ಪಷ್ಟವಾಯಿತು.

ಹಾಗಾದರೆ ಒಳ್ಳೆಯ ಇಳುವರಿಯ ತೆಂಗನ್ನೂ ಹೀಗೆ ಸಸಿಯಲ್ಲೇ ಆರಿಸಬಹುದಲ್ಲ ಎಂಬುದು ಸಹಜ ಪ್ರಶ್ನೆ. ಗುಣ ಒಂದೇ ವಂಶವಾಹಿಯ ಮೇಲೆ ನಿಂತಿದ್ದರೆ ಹೌದು. ಥಾಯ್ಲೆಂಡಿನಲ್ಲಿ ಪರಿಮಳದ ಎಳನೀರಿನ ಗಿಡ್ಡ ತೆಂಗಿದೆ. ಬಾಸುಮತಿ ಅಕ್ಕಿಗೆ ಘಮ ಕೊಡುವ ಪದಾರ್ಥವೇ ಅದರ ಘಮಕ್ಕೂ ಕಾರಣ. ಒಂದು ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾದದ್ದರಿಂದ ಆ ಪರಿಮಳ ಬಂದಿದೆ ಎಂದು ಅಲ್ಲಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಆ ಒಂದು ಅಕ್ಷರ ನೋಡಿದರೆ ಸಾಕು, ಎಳನೀರು ಕುಡಿದು ನೋಡುವ ತನಕ ಕಾಯಬೇಕಿಲ್ಲ. ಇಳುವರಿ ಹಾಗಲ್ಲ. ಹೊಂಬಾಳೆ ಎಷ್ಟು, ಹೆಣ್ಣು ಹೂ ಎಷ್ಟು, ಹರಳು ಎಷ್ಟು ಉಳಿಯಿತು, ಕಾಯಿಯೊಳಗೆ ಕೊಬ್ಬರಿ ಎಷ್ಟು ಎಂಬ ಎಲ್ಲದರ ಹಿಂದೆ ಹಲವು ವಂಶವಾಹಿಗಳಿವೆ, ಮಣ್ಣು ನೀರುಗಳೂ ಇವೆ. ಐವರಿ ಕೋಸ್ಟಿನ ಒಂದು ಸಂತತಿಯಲ್ಲಿ ಗೊನೆಗಳ ಸಂಖ್ಯೆಗೂ ಕಾಯಿಗಳ ಸಂಖ್ಯೆಗೂ ಸಂಬಂಧಪಟ್ಟ ಜಾಗಗಳನ್ನು 2001ರಲ್ಲೇ ಗುರುತಿಸಿದ್ದರು. ಆದರೆ ಒಂದು ಸಂತತಿಯಲ್ಲಿ ನಿಜವಾದದ್ದು ಇನ್ನೊಂದರಲ್ಲೂ ನಿಜವಾಗಬೇಕೆಂದಿಲ್ಲ. 2017ರಲ್ಲಿ ಚೀನಾದ ಹೈನಾನ್ ಎತ್ತರದ ತೆಂಗಿನ ಪೂರ್ಣ ಡಿಎನ್‌ಎ ಬರಹ ಪ್ರಕಟವಾಯಿತು. ಆಮೇಲೆ ಗಿಡ್ಡ ತಳಿಗಳದ್ದೂ ಬಂತು, ನಮ್ಮ ಚಾವಕ್ಕಾಡಿನ ಹಸಿರು ಗಿಡ್ಡದ್ದೂ ಸೇರಿ. ಪುಸ್ತಕ ಸಿಕ್ಕಿದೆ. ಓದಿ ಅರ್ಥ ಮಾಡಿಕೊಳ್ಳುವ ಕೆಲಸ ನಡೆಯುತ್ತಿದೆ.

ಗುರುತು ಎಷ್ಟನ್ನು ಹೇಳಬಲ್ಲದು ಎಂಬುದಕ್ಕೆ ಜಮೈಕಾದ ಕಥೆಯನ್ನೂ ಕೇಳಬೇಕು. ಅಲ್ಲಿ ಮಾರಕ ಹಳದಿ ರೋಗ ಬಂದು ನಾಡತಳಿಯ ಎತ್ತರದ ತೆಂಗು ನಾಶವಾಯಿತು. ರೋಗ ತಡೆಯುತ್ತವೆಂದು ಕಂಡುಬಂದ ಮಲಯದ ಗಿಡ್ಡ ತಳಿಯನ್ನೂ, ಅದನ್ನು ಪನಾಮಾದ ಎತ್ತರದ ತಳಿಗೆ ಕೂಡಿಸಿದ ಮೇಪಾನ್ ಹೈಬ್ರಿಡ್ಡನ್ನೂ 1970ರ ದಶಕದಲ್ಲಿ ದ್ವೀಪದ ತುಂಬ ನೆಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ ಅವೂ ಸಾಯತೊಡಗಿದವು. ಬೀಜ ಕಲಬೆರಕೆಯಾಗಿತ್ತೇ ಎಂಬ ಸಂಶಯ ಬಂತು. ಡಿಎನ್‌ಎ ಗುರುತು ನೋಡಿದರೆ ಸ್ವಲ್ಪ ಕಲಬೆರಕೆ ಆಗಿದ್ದದ್ದು ನಿಜ. ಆದರೆ ಅಷ್ಟೊಂದು ಸಾವಿಗೆ ಅದೊಂದೇ ಉತ್ತರವಾಗಲಿಲ್ಲ. ಮರ ಯಾರ ಮಗು ಎಂದು ಗುರುತು ಹೇಳಿತು. ರೋಗದ ಮುಂದೆ ಅದು ಎಷ್ಟು ವರ್ಷ ನಿಲ್ಲುತ್ತದೆ ಎಂದು ಹೇಳಲಿಲ್ಲ.

ನನಗೆ ಈ ಚರಿತ್ರೆಯಲ್ಲಿ ಮುಖ್ಯ ಎನಿಸುವುದು ಇದು. ಗುರುತು ಕಾಯುವ ಕಾಲವನ್ನು ಕಡಿಮೆ ಮಾಡುತ್ತದೆ, ಸುಳ್ಳನ್ನು ನರ್ಸರಿಯಲ್ಲೇ ಹಿಡಿಯುತ್ತದೆ. ಅರುವತ್ತು ವರ್ಷ ಬಾಳುವ ಮರವನ್ನು ನೆಡುವವನಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಯಾವ ಮರವನ್ನು ಓದಬೇಕು ಎಂದು ತೋರಿಸಿದವರು ಬೇರೆ. ಕಾಯಂಕುಳದ ರೋಗದ ನಡುವೆ ಹಸಿರಾಗಿ ನಿಂತ ಮರಗಳು ಯಾರದೋ ಹಿತ್ತಲಿನವು. ಕಡಿಯದೆ ಉಳಿಸಿಕೊಂಡವರು ಇದ್ದದ್ದರಿಂದ ವಿಜ್ಞಾನಿಗಳಿಗೆ ಅವು ಸಿಕ್ಕವು. ನಮ್ಮ ತಿಪಟೂರಿನ ಎತ್ತರದ ತೆಂಗಿನಿಂದ ಆಯ್ದು, ಬರ ತಡೆಯುವ, ಉಂಡೆ ಕೊಬ್ಬರಿಗೆ ಹೇಳಿ ಮಾಡಿಸಿದ 'ಕಲ್ಪತರು' ತಳಿಯನ್ನು ಬಿಡುಗಡೆ ಮಾಡಿದ್ದೂ ಸಿಪಿಸಿಆರ್‌ಐ ಸಂಸ್ಥೆಯೇ. ಅದರ ಬೇರು ಇರುವುದು ತುಮಕೂರು ಸೀಮೆಯ ರೈತರು ತಲೆಮಾರುಗಳಿಂದ ತಾಯಿಮರ ಆರಿಸುತ್ತಾ ಬಂದ ತೋಟಗಳಲ್ಲಿ. ಆ ತೋಟಗಳು ಲೇಔಟುಗಳಾದರೆ ಯಾವ ಪ್ರಯೋಗಾಲಯಕ್ಕೂ ಓದಲು ಏನೂ ಉಳಿಯುವುದಿಲ್ಲ.

ನಮ್ಮ ಮನೆಯ ಆ ಏಳು ಮರಗಳು ಅಜ್ಜ ಹೇಳಿದ ಹಾಗೆ ಎಂಟನೆಯ ವರ್ಷಕ್ಕೆ ಕಾಯಿ ಬಿಟ್ಟವು. ಅವುಗಳಲ್ಲಿ ಒಂದಂತೂ ಈಚಿನ ಬರಗಾಲದಲ್ಲಿ ಹೈಬ್ರಿಡ್ ಮರಗಳೆಲ್ಲ ಹರಳು ಉದುರಿಸಿದಾಗಲೂ ಗೊನೆ ತುಂಬಿಕೊಂಡೇ ನಿಂತಿತ್ತು. ಅಪ್ಪ ಈಗ ಬೀಜದ ಕಾಯಿ ಇಳಿಸುವುದು ಅದೇ ಮರದಿಂದ. ಹೋದ ಸಲ ಸಸಿ ಕೇಳಿಕೊಂಡು ಬಂದ ಹುಡುಗನೊಬ್ಬ, "ಇದು ಯಾವ ತಳಿ ಮಾವ?" ಎಂದ. ಅಪ್ಪ ಮರದ ಕಡೆ ಕೈ ತೋರಿಸಿ, "ತಾಯಿ ಇವಳು. ತಂದೆ ಯಾರು ಅಂತ ನಂಗೂ ಗೊತ್ತಿಲ್ಲ ಕಣೋ" ಎಂದರು.